ಆರು ಚಾಪೆಗಳ ಭೌತಶಾಸ್ತ್ರ

ಗೋಪನಕೊಪ್ಪ, ಹುಬ್ಬಳ್ಳಿ
14 ಸೆಪ್ಟೆಂಬರ್ 2025, ರವಿವಾರ

ಶ್ರೀಮದಖಿಲ ಕೆಲಗೇರಿ ಕೆರೆದಂಡೆ ಸಾಮ್ರಾಜ್ಯಾಧೀಶ್ವರ, ಅಡಿಪಟ್ಟಿ ಧಾರಣ ಧುರಂಧರ, ಬಾಯಿಪಾಠಿಗರ ಗಂಡ, ನಿವೃತ್ತ ವಿಜ್ಞಾನ ಶಿಕ್ಷಕ, ನನ್ನ ಅಪ್ಪನ ಏಕೈಕ ಅಣ್ಣ ಶ್ರೀ ಶಂಭುಲಿಂಗ ದೊಡ್ಡಪ್ಪನವರ ದಿವ್ಯ ಸನ್ನಿಧಾನಕ್ಕೆ, ದ್ವಿತೀಯ ಪಿಯುಸಿಯ ಪಾಮರಳಾದ ಸೌಮ್ಯಾ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಎರಡು ತಿಂಗಳು ಸುದ್ದಿಯೇ ಇಲ್ಲದ್ದಕ್ಕೆ ಕ್ಷಮೆ ಇರಲಿ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀವು ಪ್ರತಿ ಮಾತಿಗೂ "ಹಂಗಂದ್ರೇನು?" ಎಂದು ಅಡ್ಡ ಬರುತ್ತೀರಿ, ಕಾಗದಕ್ಕೆ ಆ ಚಾಳಿ ಇಲ್ಲ. ಇಲ್ಲಿ ಎಲ್ಲರೂ ಕ್ಷೇಮ. ಅಜ್ಜಿಯ ಮೊಣಕಾಲು, ದೊಡ್ಡವ್ವನ ಬಿಪಿ ಎರಡೂ ಹತೋಟಿಯಲ್ಲಿವೆ ಎಂದು ನಂಬಿದ್ದೇನೆ.

ವಿಷಯ ಒಂದೇ. ನೀವು ರವಿವಾರದ ಪಾಠ ಮತ್ತೆ ಶುರು ಮಾಡಬೇಕು. ಹೋದ ವಾರ ಅಪ್ಪ ಕೇಳಿದಾಗ, "ನನ್ನ ದಾರಿ ಈಗಿನ ಹುಡುಗರಿಗೆ ಬ್ಯಾಡಾಗೇದಪಾ. ಚಾಪಿ ಸುತ್ತಿ ಅಟ್ಟದ ಮ್ಯಾಲೆ ಇಟ್ಟೇನಿ" ಎಂದಿರಂತೆ. ದಯಮಾಡಿ ಇಳಿಸಿರಿ.

ಕೇಶ್ವಾಪುರದ ಕೋಚಿಂಗ್ ಕ್ಲಾಸು ನನಗೆ ಓಕರಿಕೆ ತರಿಸಿದೆ. ಇದು ಅಲಂಕಾರದ ಮಾತಲ್ಲ. ಕಿಟಕಿ ತೆರೆಯದ ಕೋಣೆ, ಎಂಬತ್ತು ಜನರ ಕಾಲುಚೀಲದ ವಾಸನೆ, ಹಿಂದಿನ ಬೆಂಚಿನಲ್ಲಿ ಕದ್ದು ತಿನ್ನುವ ಗಿರ್ಮಿಟ್ ಚುರುಮುರಿಯ ಉಳ್ಳಾಗಡ್ಡಿ. ಇವುಗಳ ನಡುವೆ ಸರ್ ಬಂದು ಪುಸ್ತಕವನ್ನು ಹಿಂದಿನಿಂದ ತೆರೆಯುತ್ತಾರೆ. ಮೊದಲು ಪರಮಾಣು, ಆಮೇಲೆ ವಿದ್ಯುತ್ತು. "ಇವಕ್ಕ ಮಾರ್ಕ್ಸ್ ಭಾಳ" ಎಂಬುದೊಂದೇ ಕಾರಣ. ನಾನು ಎದ್ದು ನಿಂತು, ಪರಮ ವಿನಯದಿಂದ, "ಸರ್, ಬಲ ಅಂದ್ರ ಏನ್ರಿ?" ಎಂದೆ.

"ಅದು ಹ್ವಾದ ವರ್ಷದ್ದು. ಕುಂಡ್ರು."

"ಈಗ ಚಾರ್ಜ್ ಮ್ಯಾಲೆ ಬಲ ಅಂತ ಬರದೀರಲ್ರಿ. ಅದು ಯಾಕ..."

"ಯಾಕ ಅನ್ನೂದು ಪರೀಕ್ಷಾದಾಗ ಬರೂದಿಲ್ಲ. ಟಿಕ್ ಹಾಕೂದು ಕಲಿ."

ಎಂಬತ್ತು ಜನ ನಕ್ಕರು. ನೀವು ಒಂದು ತಿಂಗಳು ಬರೀ ಅಳತೆಯಲ್ಲೇ ಕಳೆದಿದ್ದಿರಿ: "ಮದಲ ಎಷ್ಟು ಅಂತ ಅಳೀರಿ. ಆಮ್ಯಾಲೆ ಹೆಂಗ ಸರೀತದ ನೋಡ್ರಿ. ಯಾಕ ಸರೀತದ ಅಂತ ಕೇಳೂದು ಅದರ ಆಮ್ಯಾಲೆ." ಕೆರೆಯ ಸುತ್ತ ನಡೆಸಿ, ಹೊರಟಲ್ಲಿಗೇ ತಂದು ನಿಲ್ಲಿಸಿ, ಸ್ಥಾನಪಲ್ಲಟ ಸೊನ್ನೆ ಎಂದಿರಿ. "ಕಾಲು ನೋಯಾಕತ್ತಾವು, ಸೊನ್ನಿ ಹೆಂಗಾತ್ರಿ ಸರ್?" ಎಂದು ನಿಮ್ಮ ಓಣಿಯ ಜೋಯಾ ಜಗಳ ತೆಗೆದಿದ್ದಳು. ನಾವು 'ಯಾಕ'ದ ಹೊಸ್ತಿಲಿಗೆ ಬರುವಷ್ಟರಲ್ಲಿ ಪಾಠ ನಿಂತಿತು.

ಹೋದ ಮಂಗಳವಾರ ಸರ್ ಬರುವ ಮೊದಲು ಹಲಗೆಯ ಮೇಲೆ 'ಶರಣವ್ವನ ನಿಯಮ' ಎಂದು ಬರೆದು, ಕೆಳಗೆ 'ಟಿ = ಕೆ / ಎನ್' ಎಂದು ಹಾಕಿ ಚೌಕಟ್ಟು ಎಳೆದೆ. ಟಿ ಎಂದರೆ ನಮ್ಮ ಅಜ್ಜಿ ಶರಣವ್ವ ಬಡಿಯುವ ರೊಟ್ಟಿಯ ದಪ್ಪ, ಎನ್ ಎಂದರೆ ಬಂದ ಬೀಗರ ಸಂಖ್ಯೆ, ಕೆ ಎಂದರೆ ಡಬ್ಬಿಯಲ್ಲಿದ್ದಷ್ಟೇ ಹಿಟ್ಟು. ವಿಲೋಮ ಅನುಪಾತಕ್ಕೆ ನೀವೇ ಕೊಟ್ಟ ಉದಾಹರಣೆ. ಎಂಬತ್ತು ಪೆನ್ನುಗಳು ಸರಸರ ಇಳಿಸಿಕೊಂಡವು. ಟಿ ಏನು, ಎನ್ ಏನು, ಒಬ್ಬರೂ ಕೇಳಲಿಲ್ಲ. ಸರ್ ಬಂದರು, ನೋಡಿದರು, ತಲೆಯಾಡಿಸಿದರು. "ಇದು ಎರಡು ಮಾರ್ಕ್ಸಿಂದು. ಸ್ಟಾರ್ ಹಾಕ್ಕೊರಿ."

ಜೋಯಾ ದುಪಟ್ಟಾ ಬಾಯಿಗೆ ತುರುಕಿಕೊಂಡು ಬೆಂಚಿನ ಕೆಳಗೆ ಇಳಿದಳು. ನಾನೂ ನಗಬೇಕಿತ್ತು, ಪಕ್ಕಕ್ಕೆ ನೋಡಿದೆ. ಪಕ್ಕದವಳ ನೋಟ್‌ಬುಕ್ಕಿನಲ್ಲಿ ಅಜ್ಜಿಯ ಹೆಸರಿನ ಮುಂದೆ ಕೆಂಪು ನಕ್ಷತ್ರವಿತ್ತು.

ನಿಮ್ಮ ಕೊನೆಯ ರವಿವಾರ ನೆನಪಾಯಿತು. ಆರು ಚಾಪೆ ಹಾಸಿದ್ದಿರಿ. ಬಂದವಳು ನಾನೊಬ್ಬಳೇ. ಜೋಯಾ ಮತ್ತು ಉಳಿದ ನಾಲ್ವರು ಅದೇ ದಿನ ಕೇಶ್ವಾಪುರದ ಪುಕ್ಕಟೆ ಪಾಠಕ್ಕೆ ಹೋಗಿ, ಅಲ್ಲೇ ಹೆಸರು ಹಚ್ಚಿದ್ದರು. ಐದು ಖಾಲಿ ಚಾಪೆಗಳ ಮುಂದೆ ನೀವು ಎರಡು ತಾಸು ಜಡತ್ವ ಹೇಳಿದಿರಿ. ಸಂಜೆ ಜೋಯಾಳ ತಾಯಿ ಜರೀನಾ ಚಾಚಿ ಕಷಾಯ ಹಿಡಿದು ಬಂದು, "ಮಾಸ್ತರ್, ಜ್ವರ ಇಳೀತೇನ್ರಿ?" ಎಂದಾಗ ಕಕ್ಕಾಬಿಕ್ಕಿಯಾದಿರಿ. ಹುಡುಗರು ಮನೆಯಲ್ಲಿ ಸುಳ್ಳು ಹೇಳಿ ಓಡಿದ್ದಾರೆ ಎಂದು ನೀವೇ ತೀರ್ಮಾನಿಸಿದಿರಿ. ಇಂದಿಗೂ ಆ ಐವರ ನಮಸ್ಕಾರಕ್ಕೆ ಉತ್ತರ ಕೊಡುವುದಿಲ್ಲ. ನನ್ನ ತಲೆ ಸವರಿ ಮಾತ್ರ ಹೇಳಿದಿರಿ: "ನೀ ಒಬ್ಬಾಕಿ ಖರೇ ಇದ್ದೀ ನೋಡವಾ." ಎರಡು ವಾರದ ಮೇಲೆ ಅಪ್ಪ ನನ್ನನ್ನೂ ಕೇಶ್ವಾಪುರಕ್ಕೆ ಅಟ್ಟಿದಾಗಲೂ ಆ ಮಾತನ್ನು ನೀವು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಬರುವ ರವಿವಾರ ಮುಂಜಾನೆಯ ಬಸ್ಸಿಗೆ ಬರುತ್ತೇನೆ. ಅಡಿಪಟ್ಟಿ ತರುತ್ತೇನೆ. ಅಜ್ಜಿಗೆ ಅವರ ನಿಯಮದ ಕೀರ್ತಿ ತಿಳಿಸಿರಿ. ತಮ್ಮ ಆಶೀರ್ವಾದ ನನ್ನ ಮೇಲೆ, ಯೋಗ್ಯತೆ ಇದ್ದಷ್ಟಾದರೂ, ಇರಲಿ.

ಇತಿ ತಮ್ಮ ಚರಣಧೂಳಿ,
ಸೌಮ್ಯಾ

ತಾ.ಕ.: ನಿಮಗೆ ಜ್ವರ ಬರಿಸಿದವಳು ನಾನು. ಹಿಂದಿನ ದಿನ ಐವರಿಗೂ "ಸರ್‌ಗೆ ಜ್ವರ, ನಾಳೆ ಪಾಠ ಇಲ್ಲ" ಎಂದು ಮೆಸೇಜು ಕಳಿಸಿದ್ದೆ. ಖಾಲಿ ಚಾಪೆ ಕಂಡು ನೀವು ಹೇಗೆ ಸಿಟ್ಟಾಗುತ್ತೀರಿ ಎಂದು ನೋಡಬೇಕಿತ್ತು, ಅಷ್ಟೇ. ನೀವು ಸಿಟ್ಟಾಗಲಿಲ್ಲ. ರಜೆ ಸಿಕ್ಕಿತೆಂದೇ ಅವರು ಕೇಶ್ವಾಪುರಕ್ಕೆ ಹೋದದ್ದು. "ನೀನ ಹೇಳು, ನಾ ಹೇಳಂಗಿಲ್ಲ" ಎಂದು ಜೋಯಾ ಎರಡು ತಿಂಗಳಿಂದ ಬಾಯಿ ಮುಚ್ಚಿಕೊಂಡಿದ್ದಾಳೆ. ಐವರೂ ಮತ್ತೆ ಬರುತ್ತಾರಂತೆ. ಅಟ್ಟದಿಂದ ಐದೇ ಚಾಪೆ ಇಳಿಸಿರಿ. ನಾನು ನೆಲದ ಮೇಲೆ ಕೂಡುತ್ತೇನೆ.