ಬೋಳುಕಲ್ಲಿನ ಕಬ್ಬಿಣದ ಗುಂಡು

ರೈಲು ನಿಂತ ಮೇಲಿನ ಇನ್ನೂರ ಹನ್ನೊಂದನೇ ವರ್ಷ, ಒಣಹುಲ್ಲು ತಿಂಗಳ ಮೂವತ್ತೈದನೇ ದಿನ
ಬೋಳುಕಲ್ಲು ನಿಲ್ದಾಣ

ರೈಲು ಓಡುತ್ತಿದ್ದ ಕಾಲದ ಬೋಳುಕಲ್ಲು ಸ್ಟೇಷನ್ನಿನ ಯಜಮಾನರಿಗೆ, ಅದೇ ಕಟ್ಟಡದಲ್ಲಿ ಈಗ ಸಂಸಾರ ಹೂಡಿರುವ ಮರುಳವ್ವ ಮಾಡುವ ನಮಸ್ಕಾರಗಳು. ತಿಂಗಳಿಗೆ ಮೂವತ್ತೈದು ದಿನವೇ ಎಂದು ನಗಬೇಡಿ. ಹುಲ್ಲು ಪೂರ್ತಿ ಒಣಗುವವರೆಗೆ ನಮ್ಮಲ್ಲಿ ತಿಂಗಳು ಮುಗಿಯುವುದಿಲ್ಲ. ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸಬೇಕು. ಕಾಗದ ಬರೆದು ಅಭ್ಯಾಸವಿಲ್ಲ, ಅದೂ ಯಾವತ್ತೋ ತೀರಿಕೊಂಡವರಿಗೆ.

ನಿಮ್ಮ ಕಂಬಿಗಳನ್ನು ನಮ್ಮ ಮುತ್ತಜ್ಜಂದಿರು ಕಿತ್ತು ಕುಡುಗೋಲು ಮಾಡಿಕೊಂಡರು. ಈಗ ಇಲ್ಲಿಂದ ಗಾಳಿಕೆರೆ ನಿಲ್ದಾಣದವರೆಗೆ ಇರುವುದು ಬರೀ ಕಾವಲು: ಒಂದೂ ಮರವಿಲ್ಲದ, ಎದೆಮಟ್ಟ ಹುಲ್ಲು ಬೆಳೆದ ಬಯಲು. ಎರಡು ನಿಲ್ದಾಣಗಳ ಮಧ್ಯದ ಈ ದಾರಿಗೆ ನಾವು ‘ನಡುವು’ ಎನ್ನುತ್ತೇವೆ. ಬೆಳಿಗ್ಗೆ ರೊಟ್ಟಿ ತಿಂದು ಹೊರಟರೆ ಊಟದ ಹೊತ್ತಿಗೆ ಆ ಕಡೆ ಇರಬಹುದು. ಹೊರಡುವಾಗ ಸೂರಿಗೆ ನೇತುಹಾಕಿದ ಕಂಬಿತುಂಡಿಗೆ ಒಂದು ಪೆಟ್ಟು, ತಲುಪಿದ ಮೇಲೆ ಅಲ್ಲಿನ ಕಂಬಿಗೆ ಎರಡು. ಗಾಳಿ ಒಪ್ಪಿದರೆ ಎರಡೂ ಕಡೆ ಕೇಳಿಸುತ್ತದೆ. ನಡೆದು ಬಂದವರ ಸೀರೆ, ಪಂಚೆಗೆಲ್ಲ ಹುಲ್ಲಿನ ಮುಳ್ಳು ಚುಚ್ಚಿಕೊಂಡಿರುತ್ತದೆ. ಅವರನ್ನು ಜಗಲಿಯ ಮೇಲೆ ಕೂರಿಸಿ ಆ ಮುಳ್ಳನ್ನು ಆರಿಸಿ ತೆಗೆಯುವುದೇ ನಮ್ಮ ಮೊದಲ ಉಪಚಾರ. ನೀರು, ಬೆಲ್ಲ ಆಮೇಲೆ.

ಇನ್ನು ಗುಂಡಿನ ವಿಷಯ. ಬೆತ್ತದ ಬಳೆಗೆ ಕಟ್ಟಿದ ಚರ್ಮದ ಚೀಲದೊಳಗೆ ಕಬ್ಬಿಣದ ಗುಂಡು ಇಟ್ಟು ನೀವು ಡ್ರೈವರನ ಕೈಗೆ ಕೊಡುತ್ತಿದ್ದಿರಂತೆ. ಅದು ಕೈಯಲ್ಲಿದ್ದವನಿಗೇ ದಾರಿ. ಎದುರಿಂದ ಇನ್ನೊಂದು ರೈಲು ಬರುವಂತಿಲ್ಲ. ರೈಲು ಹೋಯಿತು, ಕಂಬಿ ಹೋಯಿತು, ಆ ನಿಯಮ ಮಾತ್ರ ಉಳಿಯಿತು. ನಮ್ಮ ನಡುವಿಗೆ ಇರುವುದು ಒಂದೇ ಗುಂಡು. ಅದನ್ನು ಹೆಗಲಿಗೆ ಹಾಕಿಕೊಳ್ಳದೆ ಯಾರೂ ಹುಲ್ಲಿಗೆ ಕಾಲಿಡುವುದಿಲ್ಲ. ಅದು ಯಾರ ಹೆಗಲಲ್ಲೋ ನಡುವಿನಲ್ಲಿದ್ದರೆ, ಅದು ಬಂದು ಸೇರುವವರೆಗೆ ಮಿಕ್ಕವರು ಕಾಯಬೇಕು.

ಹುಲ್ಲು ಇನ್ನೂ ಹಸಿರಿದ್ದಾಗ ನನ್ನ ಅಕ್ಕ ಪುಟ್ಟೀರವ್ವ ಆ ಗುಂಡು ಹಾಕಿಕೊಂಡು ಹೊರಟಳು. ಗಾಳಿಕೆರೆಯಲ್ಲಿ ಅವಳ ಮಗಳು ಹೊನ್ನಾಜಿ ಹೆತ್ತಿದ್ದಳು. ಬಾಣಂತಿಗೆಂದು ಕೊಬ್ಬರಿ, ಬೆಳ್ಳುಳ್ಳಿ, ಮೆಣಸು ಗಂಟು ಕಟ್ಟಿಕೊಂಡಿದ್ದಳು. ನಾನೇ ಕಂಬಿಗೆ ಒಂದು ಪೆಟ್ಟು ಹೊಡೆದೆ. ಆ ಕಡೆಯಿಂದ ಎರಡು ಪೆಟ್ಟು ಕೇಳಿಸಲೇ ಇಲ್ಲ.

ಹುಡುಕಲು ಯಾರೂ ಹೋಗಲಿಲ್ಲ. ಗುಂಡು ಅವಳ ಹತ್ತಿರವಿತ್ತಲ್ಲ, ಹೋಗುವುದು ಹೇಗೆ? ಊರೆಲ್ಲ ಪ್ಲಾಟ್‌ಫಾರ್ಮಿನ ಅಂಚಿಗೆ ಬಂದು ನಿಂತಿತು. ಗಾಳಿಕೆರೆಯವರೂ ತಮ್ಮ ಅಂಚಿನಲ್ಲಿ ಹಾಗೇ ನಿಂತಿದ್ದರೆಂದು ಕಾಣುತ್ತದೆ. ಹಿರಿಯರಾದ ಪಾತಲಿಂಗಜ್ಜ ನನ್ನ ತೋಳು ಹಿಡಿದು, “ಗುಂಡು ಬರೋಗಂಟ ಯಾರೂ ಹೆಜ್ಜೆ ಇಕ್ಕಂಗಿಲ್ಲ ಕಣವ್ವ” ಎಂದರು. ಅವರ ಕಣ್ಣಲ್ಲಿ ನೀರಿತ್ತು. ಮಾರನೆಯ ದಿನ ಕಾವಲಿನ ಒಂದೇ ಜಾಗದ ಮೇಲೆ ಹದ್ದುಗಳು ಸುತ್ತತೊಡಗಿದವು. ನಾವೆಲ್ಲ ಅದನ್ನು ನೋಡಿದೆವು, ನೋಡಿ ಒಳಗೆ ಬಂದು ಊಟ ಮಾಡಿದೆವು. ನನಗೆ ಆಗ ಅಳು ಬರಲಿಲ್ಲ, ಈಗಲೂ ಬಂದಿಲ್ಲ. ಹಿಟ್ಟು ನಾದುತ್ತೇನೆ, ಕಸ ಗುಡಿಸುತ್ತೇನೆ, ಅವಳ ತಟ್ಟೆಯನ್ನೂ ತೊಳೆದಿಡುತ್ತೇನೆ. ಒಳಗೆ ಏನೂ ಅಲುಗಾಡುವುದಿಲ್ಲ.

ನಿನ್ನೆ ರೊಟ್ಟಿ ತಟ್ಟುವಾಗ ಒಂದು ವಿಷಯ ಹೊಳೆಯಿತು. ರೈಲಿಗೆ ರೈಲು ಎದುರಾದರೆ ಅನಾಹುತ, ಸರಿ. ಮನುಷ್ಯರಿಗೆ ಮನುಷ್ಯರು ಎದುರಾದರೆ ಏನಾಗುತ್ತದೆ? ಪಕ್ಕಕ್ಕೆ ಸರಿದು, ಚೆನ್ನಾಗಿದ್ದೀರಾ ಎಂದು ಕೇಳಿ ಮುಂದೆ ಹೋಗುತ್ತಾರೆ. ಇಷ್ಟು ತಲೆಮಾರಿನಲ್ಲಿ ಇದು ಯಾರ ತಲೆಗೂ ಹೊಳೆಯಲಿಲ್ಲವಲ್ಲ ಎಂದು ನಗು ಬಂತು. ರೊಟ್ಟಿ ಸೀದು ಹೋಯಿತು.

ಆದ್ದರಿಂದ ನನ್ನದೊಂದು ಬೇಡಿಕೆ. ಸ್ಟೇಷನ್ನಿನ ಹೆಸರು ಕೆತ್ತಿದ ಕಲ್ಲಿನ ಹಿಂಬದಿಯಲ್ಲಿ, ನಡೆದು ಹೋಗುವವರಿಗೆ ಗುಂಡು ಬೇಡ ಎಂದು ಒಂದು ಸಾಲು ಕೆತ್ತಿಸಿಬಿಡಿ. ನೀವು ಬರೆದದ್ದಾದರೆ ಇವರು ನಂಬುತ್ತಾರೆ. ನಿಮ್ಮ ಕೆಂಪು ಪೆಟ್ಟಿಗೆ ಇನ್ನೂ ಗೋಡೆಯಲ್ಲಿದೆ; ಇಲ್ಲಿ ಗುಂಡು ಹಾಕಿದರೆ ಗಾಳಿಕೆರೆಯ ಪೆಟ್ಟಿಗೆಯಲ್ಲಿ ಹೊರಬರುತ್ತಿತ್ತಂತೆ. ಈ ಕಾಗದವನ್ನೂ ಅದರೊಳಗೇ ಹಾಕುತ್ತೇನೆ.

ನಿಮ್ಮ ಕಾಲದಲ್ಲೇ ಕೆತ್ತಿಸಿದ್ದರೆ ಸಾಲು ಈಗಾಗಲೇ ಅಲ್ಲಿರಬೇಕಲ್ಲ ಎಂದು, ಇಷ್ಟು ಬರೆದು ಎದ್ದು ಹೋಗಿ ಕಲ್ಲಿನ ಹಿಂಬದಿ ನೋಡಿ ಬಂದೆ. ನುಣ್ಣಗಿದೆ. ನಿಮಗೆ ಕಾಗದ ತಲುಪಲಿಲ್ಲವೋ, ತಲುಪಿದರೂ ಪುರುಸೊತ್ತಾಗಲಿಲ್ಲವೋ.

ಚಿಂತೆಯಿಲ್ಲ. ಈಗಷ್ಟೇ ಗಾಳಿಕೆರೆಯ ಕಡೆಯಿಂದ ಕಂಬಿಯ ಸದ್ದು ಬಂತು, ಒಂದೇ ಪೆಟ್ಟು. ಗಾಳಿಗೆ ಬಡಿದಿರಬೇಕು ಎಂದರು ಪಾತಲಿಂಗಜ್ಜ. ಒಂದು ಪೆಟ್ಟಿನ ಅರ್ಥ ನನಗೆ ಗೊತ್ತು. ಹೊನ್ನಾಜಿ ಗುಂಡಿಲ್ಲದೆ ಹೊರಟಿದ್ದಾಳೆ, ಅವ್ವನನ್ನು ಹುಡುಕಿಕೊಂಡು. ಅಲ್ಲಿ ಅವಳಿಗೆ ಏನು ಸಿಗುತ್ತದೆಂದು ಬಲ್ಲೆ. ಅದನ್ನು ಅವಳು ಒಬ್ಬಳೇ ನೋಡಬಾರದು.

ನಾನೂ ಕಂಬಿಗೆ ಒಂದು ಪೆಟ್ಟು ಹೊಡೆದು ಇಳಿಯುತ್ತೇನೆ. ನೀವು ಹೆದರಿದ್ದೇ ಆಗಲಿದೆ ಯಜಮಾನರೇ, ಒಂದೇ ದಾರಿಯಲ್ಲಿ ಇಬ್ಬರು ಎದುರುಬದುರು. ಎದುರಾಗಲೆಂದೇ ಹೋಗುತ್ತಿದ್ದೇನೆ. ಸಿಕ್ಕಲ್ಲೇ ಅವಳನ್ನು ಕೂರಿಸಿಕೊಂಡು ಸೀರೆಯ ಮುಳ್ಳು ಆರಿಸುತ್ತೇನೆ.