ಮಹಡಿಯಿಂದ ತೆಗೆದ ಮೆರವಣಿಗೆ

ಹೊಳೆನರಸೀಪುರ
೬ ಸೆಪ್ಟೆಂಬರ್ ೧೯೪೨, ಭಾನುವಾರ

ಇವರು ಊಟ ಮುಗಿಸಿ ಮಲಗಿದರು. ಬಂಗಾಳಿ ಕಾದಂಬರಿ ಅರ್ಧವಾಯಿತು. ಅನುವಾದಕರು ಜಮೀನ್ದಾರನನ್ನೂ ದೋಣಿಯವನನ್ನೂ ಒಂದೇ ದನಿಯಲ್ಲಿ ಮಾತಾಡಿಸಿದ್ದಾರೆ. ಆದರೂ ಬಿಡಲಾಗುತ್ತಿಲ್ಲ.

ತಮ್ಮ ಪಾಲಾಕ್ಷ ಬಂದ. ನಿನ್ನೆ ಹಾಸನದಲ್ಲಿ ಫುಟ್‌ಬಾಲ್ ಫೈನಲ್ ಗೆದ್ದಿದ್ದಾರೆ, ಅವನೇ ಗೋಲ್‌ಕೀಪರ್. ಸಂಜೆ ನಮ್ಮ ಬೀದಿಯಲ್ಲೇ ಮೆರವಣಿಗೆ.

"ಮಹಡಿ ಮೇಲಿಂದ ಒಂದ್ ಫೋಟೋ ತೆಗಿಯಕ್ಕ. ಓದ್ಸಲ ಅವ್ವನ್ನ ತಲೆನೇ ಇಲ್ದಂಗೆ ತೆಗ್ದಿದ್ದೆ."

"ಅವ್ವ ನಿನ್ನ ಬಯ್ಯೋದು ಬಿಟ್ಟು ನೆಟ್ಟಗೆ ನಿಂತಿದ್ರೆ ತಾನೆ?"

ಸಂಜೆ — ಇವರ ಬಾಕ್ಸ್ ಕ್ಯಾಮೆರಾವನ್ನು ಅಲುಗದ ಹಾಗೆ ಕಟಕಟೆಯ ಮೇಲಿಟ್ಟೆ. ಫಿಲಂನಲ್ಲಿ ಉಳಿದಿದ್ದುದು ಒಂದೇ ಫೋಟೋಗೆ ಜಾಗ. ಯುದ್ಧ ಶುರುವಾದ ಮೇಲೆ ಸಿಗುವುದೇ ಇಲ್ಲ. ವಾಲಗ, ಎತ್ತಿನ ಗಾಡಿ, ಗಾಡಿಯಲ್ಲಿ ಬೆಳ್ಳಿಯ ಕಪ್. ನಮ್ಮ ಮನೆ ಮುಂದೆ ಬಂದಾಗ ಪಾಲಾಕ್ಷ ಅಂಗಿಯೊಳಗಿಂದ ಕಾಂಗ್ರೆಸ್ ಬಾವುಟ ತೆಗೆದು ಕೋಲಿಗೆ ಸಿಕ್ಕಿಸಿದ. ಹುಡುಗರೆಲ್ಲ ಕೂಗಿ ತಲೆಯೆತ್ತಿದರು. ಒತ್ತಿದೆ.

ಪೊಲೀಸಿನವರು ಬರುವಷ್ಟರಲ್ಲಿ ಎಲ್ಲ ಚದುರಿದ್ದರು. ಯಾರೂ ಸಿಗಲಿಲ್ಲ.

೧೩ ಸೆಪ್ಟೆಂಬರ್

ಇವರು ಹಾಸನದಿಂದ ಪ್ರಿಂಟ್ ಮಾಡಿಸಿ ತಂದರು. ಹನ್ನೊಂದು ಮುಖ, ನಡುವೆ ಬಾವುಟ. ಕೆಳಗಿನ ಮೂಲೆಯಲ್ಲಿ ನಮ್ಮ ಕಟಕಟೆಯ ಮರದ ಗಿಣಿ — ಅದು ಬರಬಾರದಿತ್ತು, ನನ್ನ ತಪ್ಪು.

ಯಾರಿಗೂ ತೋರಿಸಬೇಡಿ ಎಂದೆ.

"ನನ್ಗೇನ್ ತಲೆ ಕೆಟ್ಟಿದ್ಯಾ? ತಾಲ್ಲೂಕ್ ಕಚೇರಿ ಗುಮಾಸ್ತೆ ನಾನು. ಪೆಟ್ಟಿಗೇಲಿಟ್ಟು ಬೀಗ ಹಾಕ್ತೀನಿ, ಬಿಡು."

ನೆಮ್ಮದಿಯಾಯಿತು.

೨೨ ಸೆಪ್ಟೆಂಬರ್

ಬೆಳಗಿನ ಜಾವ ಹಿಡಿದರು. ಆ ಹನ್ನೊಂದು ಹುಡುಗರನ್ನೇ. ಬೇರೆ ಒಬ್ಬರನ್ನೂ ಮುಟ್ಟಲಿಲ್ಲ... ಹಾಸನದ ಜೈಲಿಗೆ ಕರೆದೊಯ್ದರಂತೆ.

೨೩ ಸೆಪ್ಟೆಂಬರ್

ಅವ್ವ ಬಂದಳು. ಒಳಗೆ ಬರಲಿಲ್ಲ.

"ದಫೇದಾರ ಫೋಟೋ ಇಟ್ಕಂಡೇ ಬಂದಿದ್ದ ಕಣವ್ವ. ನಾನೂ ನೋಡ್ದೆ. ಮೂಲೇಲಿ ನಿಮ್ಮನೆ ಗಿಣಿ ಕುಂತಿತ್ತು."

"ಅವ್ವಾ, ಒಳಗೆ ಬಾ. ನೀರು—"

"ಬ್ಯಾಡ. ಓಯ್ತೀನಿ."

ಬತ್ತೀನಿ ಎನ್ನಲಿಲ್ಲ.

ಇವರು ಕಚೇರಿಯಿಂದ ಬಂದ ಮೇಲೆ ಕೇಳಿದೆ. ಮುಚ್ಚಿಡಲಿಲ್ಲ.

"ಬೀದೀಲಿ ನಿಂತು ನೋಡ್ದೋರೆಷ್ಟು ಜನ. ಯಾರಾದ್ರೂ ಹೇಳೇ ಹೇಳೋರು. ಗುಮಾಸ್ತೆ ಭಾವಮೈದ, ಗುಮಾಸ್ತೆ ಮನೆ ಮುಂದೇನೇ ಅಂತ ನನ್ ಕೆಲ್ಸ ಹೋಗ್ತಿತ್ತು. ಅದಕ್ಕೆ ಮೊದ್ಲು ನಾನೇ ಕೊಟ್ಟೆ." ತಟ್ಟೆಯ ಮುಂದೆ ಕೂತರು. "ಸಾಹೇಬ್ರು ಮೆಚ್ಕೊಂಡ್ರು. ಒಂದ್ ಮುಖಾನೂ ಮಸುಕಾಗಿಲ್ಲ ಅಂದ್ರು. ಯಾರ ಹತ್ರಾನೂ ಬಾಯಿ ಬಿಡಬೇಡ... ಸಾರು ಹಾಕು."

ಹಾಕಿದೆ. ಏಕೆ ಹಾಕಿದೆನೋ.

೪ ಅಕ್ಟೋಬರ್

ಇಂದು ಹಾಸನಕ್ಕೆ ಹೋದೆವು. ಇವರೇ ಕರೆದುಕೊಂಡು ಹೋದರು. ಪಾಲಾಕ್ಷನಿಗೆಂದು ಚಕ್ಕುಲಿಯ ಪೊಟ್ಟಣವನ್ನೂ ಇವರೇ ಹಿಡಿದಿದ್ದರು.

ಪಾಲಾಕ್ಷ ಕಂಬಿಯ ಆಚೆ ನಿಂತ. ಗಡ್ಡ ಬಂದಿದೆ.

"ನೀನೇ ಕೊಟ್ಟೆ ಅಂತಾರಕ್ಕ. ನಾನ್ ನಂಬ್ನಿಲ್ಲ. ಆದ್ರೆ ಹುಡುಗ್ರು ನಂಬವ್ರೆ. ಒಬ್ನೂ ನನ್ ಪಕ್ಕ ಕುಂತ್ ಉಣ್ಣಕ್ಕಿಲ್ಲ."

"ನಾನು ಕೊಡಲಿಲ್ಲ."

"ಮತ್ಯಾರು? ಎಸ್ರು ಹೇಳು. ಅವ್ರಿಗೆ ಹೇಳ್ಬೇಕು."

ನಾನು ಇವರ ಮುಖ ನೋಡಿದೆ. ಅವನು ಇವರ ಕಡೆ ತಿರುಗಿದ. "ಭಾವ, ನೀವು ಕಚೇರೀಲಿರೋರು. ನೀವಾದ್ರೂ ಪತ್ತೆ ಮಾಡಿ."

"ಮಾಡ್ತೀನಪ್ಪ" ಎಂದರು ಇವರು. ಪೊಟ್ಟಣವನ್ನು ಕಂಬಿಯ ಕಡೆ ಚಾಚಿದರು.

ಮದುವೆಯಾದಾಗಿನಿಂದ ಒಮ್ಮೆಯೂ ಇವರ ಹೆಸರು ಹಿಡಿದಿಲ್ಲ. ಗಂಡನ ಹೆಸರು ಸೇರಿಸಿ ಒಡಪು ಹೇಳು ಎಂದು ಮುತ್ತೈದೆಯರು ಕಾಡಿದಾಗಲೂ ನಕ್ಕು ತಪ್ಪಿಸಿಕೊಂಡಿದ್ದೆ. ಇಂದು ಹೇಳಿದೆ. ಜೋರಾಗಿ ಅಲ್ಲ, ಅವನಿಗೆ ಕೇಳುವಷ್ಟು.

ಗೌರೀಶಂಕರ.

ಇವರು ಪೊಟ್ಟಣವನ್ನು ಕಂಬಿಯೊಳಗೆ ಚಾಚಿಯೇ ಇದ್ದರು. ಪಾಲಾಕ್ಷ ಅದನ್ನು ಮುಟ್ಟದೆ, ಒಳಗೆ ಹುಡುಗರ ಕಡೆ ನಡೆದ.