ಯಾರೂ ಐದು ಕೊಡದ ಚೀಸ್

ಮಂಗಳವಾರ, ಹನ್ನೆರಡನೇ ತಾರೀಖು

ನನ್ನ ಕೆನೆಬೆಕ್ಕಿಗೆ,

ಅಮ್ಮ ಇಟ್ಟ ಈ ಹೆಸರಿನಿಂದ ನಿನ್ನನ್ನು ಕರೆಯುವವಳು ಈಗ ನಾನೊಬ್ಬಳೇ. ನೀನು ಹಾಲಿನ ಪಾತ್ರೆಗೆ ಬಾಯಿ ಹಾಕಿ, ಮೂಗಿನ ತುದಿಯಲ್ಲಿ ಕೆನೆ ಅಂಟಿಸಿಕೊಂಡೇ ‘ನಾನಲ್ಲಮ್ಮ’ ಎನ್ನುತ್ತಿದ್ದೆ. ಸುಳ್ಳು ಹೇಳುವುದು ನಿನಗೆ ಆಗಲೂ ಒಗ್ಗಲಿಲ್ಲ. ನಾನು ಕದ್ದರೆ ಮೊದಲು ಬಾಯಿ ಒರೆಸಿಕೊಳ್ಳುತ್ತಿದ್ದೆ.

ನಿನ್ನ ಪಾರ್ಸೆಲ್ ಶನಿವಾರ ಬಂತು. ಪೋಸ್ಟ್‌ಮ್ಯಾನ್ ಅದನ್ನು ಮೈಯಿಂದ ಒಂದು ಮೊಳ ದೂರ ಹಿಡಿದುಕೊಂಡು ಮೆಟ್ಟಿಲು ಹತ್ತಿದ. “ಅಕ್ಕಾ, ಒಳಗೆ ಏನೋ ಸತ್ತಿದೆ. ಮೊದ್ಲು ಸೈನ್ ಹಾಕ್ಬಿಡಿ, ಆಮೇಲೆ ಅಳೋರಂತೆ” ಅಂದ. ಕಾಗದ ಬಿಚ್ಚುವ ಮೊದಲೇ ಅದು ನಿನ್ನ ಚೀಸ್ ಎಂದು ನನಗೆ ಗೊತ್ತಾಗಿತ್ತು. ಏಳು ವರ್ಷದ ಮೇಲೂ ಅದೇ ವಾಸನೆ: ಒದ್ದೆ ಕಾಲುಚೀಲ, ಕೊಟ್ಟಿಗೆ, ಅದರ ಹಿಂದೆಲ್ಲೋ ಹುರಿದ ಕಡಲೆಕಾಯಿ. ಅದೇ ಕಿತ್ತಳೆ ಬಣ್ಣದ ಸಿಪ್ಪೆ, ಒತ್ತಿದರೆ ಬೆರಳಿಗೆ ಅಂಟುತ್ತದೆ.

ಕೆಳಗಿನ ಮನೆಯ ದರ್ಜಿಗೂ ಅವನ ಹೆಂಡತಿಗೂ ಒಂದೊಂದು ತುಂಡು ಕೊಟ್ಟೆ. ಅವನು ಮೂಸಿ ನೋಡಿ, “ಇದನ್ನ ತಿನ್ನೋದಾ, ಇಲ್ಲಾ ಹೂಳೋದಾ?” ಎಂದು ಕೇಳಿ ಕಿಟಕಿ ತೆರೆದ. ಅವಳು ನಿಂತಲ್ಲೇ ಮೂರು ತುಂಡು ತಿಂದು, ಇನ್ನಷ್ಟನ್ನು ಡಬ್ಬಿಗೆ ಹಾಕಿಸಿಕೊಂಡು ಹೋದಳು. ನಿನ್ನೆ ಮೆಟ್ಟಿಲ ಮೇಲೆ ಸಿಕ್ಕಾಗ ದರ್ಜಿ ಮುಖ ಗಂಟಿಕ್ಕಿದ್ದ. “ನೀವು ಮಾಡಿದ ಉಪಕಾರಕ್ಕೆ ನಾನು ಹಾಲ್‌ನಲ್ಲಿ ಮಲಗ್ತಾ ಇದೀನಿ” ಅಂದ. ಒಳಗಿನಿಂದ ಅವಳು, “ಅಲ್ಲೇ ಇರ್ಲಿ ಬಿಡಿ ಅಕ್ಕಾ, ಇನ್ನೂ ಇದೆಯಾ?” ಎಂದು ಕೂಗಿದಳು.

ಇದನ್ನು ನಿನ್ನ ನಗಿಸಲು ಬರೆದೆ. ವಿಷಯಕ್ಕೆ ಬರುವುದನ್ನು ಮುಂದೂಡಲೂ ಬರೆದೆ.

ನೀನು ಕೆಲಸ ಮಾಡುವ ಬೇಕರಿಯ ಕೆಳಗೆ ಒಂದು ನೆಲಮಾಳಿಗೆ ಖಾಲಿ ಇದೆ, ಚೀಸ್ ಮಾಗಿಸಲು ಬೇಕಾದಷ್ಟು ತಂಪಾಗಿದೆ, ಇಪ್ಪತ್ತನೇ ತಾರೀಖಿನೊಳಗೆ ಮಾಲೀಕನಿಗೆ ಹೌದೋ ಅಲ್ಲವೋ ಹೇಳಬೇಕು ಎಂದು ಬರೆದಿದ್ದೀಯ. ಆಮೇಲೆ ಹೀಗೆ ಬರೆದಿದ್ದೀಯ: ‘ಅಕ್ಕ, ಆವತ್ತು ನನ್ನ ಚೀಸನ್ನು ಜನ ಉಗಿದಿದ್ದರೆ ನನಗೆ ಬೇಜಾರಿರುತ್ತಿರಲಿಲ್ಲ. ಎಲ್ಲರಿಗೂ ಅಷ್ಟಕ್ಕಷ್ಟೇ ಅನ್ನಿಸಿತಲ್ಲ, ಅದನ್ನು ನುಂಗಲಾಗಲಿಲ್ಲ. ನಿನ್ನ ನಾಲಿಗೆಯನ್ನು ನಂಬುತ್ತೇನೆ. ಈಗಲೂ ಅಷ್ಟಕ್ಕಷ್ಟೇ ಆದರೆ ಹೇಳಿಬಿಡು, ಇನ್ನು ಆ ಕಡೆ ತಲೆ ಹಾಕುವುದಿಲ್ಲ.’

ಇದನ್ನು ಓದಿ ಮೂರು ದಿನ ಕಾಗದ ಮುಟ್ಟಲಿಲ್ಲ. ಯಾಕೆಂದರೆ ಅದು ಯಾರೊಬ್ಬರಿಗೂ ಅಷ್ಟಕ್ಕಷ್ಟೇ ಅನ್ನಿಸಿರಲಿಲ್ಲ.

ನಾವಿಬ್ಬರೂ ಕೆಲಸ ಮಾಡುತ್ತಿದ್ದ ಡೇರಿಯಲ್ಲಿ ನನ್ನ ರುಚಿ ಕೋಣೆ ನಿನಗೆ ಹೊರಗಿನಿಂದ ಮಾತ್ರ ಗೊತ್ತು. ತಯಾರಿಸಿದವರನ್ನು ಒಳಗೆ ಬಿಡುತ್ತಿರಲಿಲ್ಲ. ಬಣ್ಣ ನೋಡಿ ಯಾರೂ ಮೋಸ ಹೋಗಬಾರದೆಂದು ಒಳಗೆ ಕೆಂಪು ಬಲ್ಬು. ಒಬ್ಬರ ಮುಖ ಒಬ್ಬರಿಗೆ ಕಾಣದಂತೆ ಹಲಗೆ ಅಡ್ಡ ಇಟ್ಟ ಸಣ್ಣ ಗೂಡುಗಳು. ಪ್ರತಿಯೊಬ್ಬರ ಮುಂದೆ ಒಂದು ಲೋಟ ನೀರು, ಸಪ್ಪೆ ಬಿಸ್ಕತ್ತು, ತಟ್ಟೆಯ ಮೇಲೆ ಹೆಸರಿನ ಬದಲು ಒಂದು ನಂಬರ್. ಶಾಯಿಗೆ ವಾಸನೆ ಇರುತ್ತದೆಂದು ಪೆನ್ನು ತರುವಂತಿಲ್ಲ, ಬರೆಯುವುದೆಲ್ಲ ಪೆನ್ಸಿಲ್ಲಿನಲ್ಲಿ. ಇಪ್ಪತ್ತು ಜನ ಕೂತು ಒಂದರಿಂದ ಒಂಬತ್ತರವರೆಗೆ ಅಂಕ ಕೊಡುತ್ತಾರೆ. ಸರಾಸರಿ ಐದು ದಾಟಿದರೆ ಮಾರುಕಟ್ಟೆಗೆ, ದಾಟದಿದ್ದರೆ ಕಸಕ್ಕೆ. ನಂಬರ್ ಹಚ್ಚುವವಳು ನಾನು. ಯಾವ ತಟ್ಟೆ ಯಾರದ್ದೆಂದು ಗೊತ್ತಿರುವವರು ಅಂಕ ಕೊಡಬಾರದೆಂಬುದು ನಿಯಮ.

ಆ ದಿನ ನಿನ್ನ ಚೀಸಿನ ನಂಬರ್ 418. ಸ್ಟೋರ್ ಗುಮಾಸ್ತರಿಗೆ ನೆಗಡಿ ಎಂದು ಅವರನ್ನು ವಾಪಸ್ ಕಳಿಸಿ, ಆ ಜಾಗಕ್ಕೆ ಇನ್ನೊಬ್ಬರನ್ನು ಕೂರಿಸಿ ಇಪ್ಪತ್ತು ಭರ್ತಿ ಮಾಡಲಾಯಿತು.

ಒಂಬತ್ತು ಜನ ನಿನಗೆ ಒಂಬತ್ತು ಕೊಟ್ಟಿದ್ದರು. ಒಂಬತ್ತು ಜನ ಒಂದು ಕೊಟ್ಟಿದ್ದರು. ಇನ್ನಿಬ್ಬರು ಮೂರು. ಒಬ್ಬರೂ ಐದು ಕೊಟ್ಟಿರಲಿಲ್ಲ. ನಾಲ್ಕಾಗಲಿ ಆರಾಗಲಿ ಕೂಡ ಇಲ್ಲ. ಒಂದು ಹಾಳೆಯ ಕೊನೆಯಲ್ಲಿ, ‘ಬಾಯಿ ತೊಳೆಯಲು ಒಂದು ಲೋಟ ಸಾಲದು’ ಎಂದಿತ್ತು. ಇನ್ನೊಂದರಲ್ಲಿ, ‘ನಾಳೆಯೂ ಇದೇ ಕೊಡುತ್ತೀರಾ?’ ಎಂದಿತ್ತು. ಸರಾಸರಿ ತೆಗೆದರೆ ನಾಲ್ಕು ಪಾಯಿಂಟ್ ಎಂಟು.

ವರದಿಯಲ್ಲಿ ‘ಷರಾ’ ಎಂದು ಅರ್ಧ ಪುಟ ಖಾಲಿ ಜಾಗ ಇರುತ್ತದೆ. ಇಂಥ ಸಂದರ್ಭಕ್ಕೆಂದೇ ಅದು ಇರುವುದು. ‘ಇದನ್ನು ಅರ್ಧ ಜನ ದ್ವೇಷಿಸುತ್ತಾರೆ, ಅರ್ಧ ಜನ ಹುಡುಕಿಕೊಂಡು ಬರುತ್ತಾರೆ’ ಎಂದು ನಾನು ಒಂದು ಸಾಲು ಬರೆದಿದ್ದರೆ ಮ್ಯಾನೇಜರ್ ಇನ್ನೊಮ್ಮೆ ಯೋಚಿಸುತ್ತಿದ್ದರು. ನಾನು ಅಲ್ಲಿ ಒಂದು ಅಡ್ಡಗೆರೆ ಎಳೆದು ಸಹಿ ಮಾಡಿದೆ. ಅವರು ನಿನ್ನನ್ನು ಕರೆದು, “ಜನಕ್ಕೆ ಅಂಥಾ ವಿಶೇಷ ಏನೂ ಅನ್ಸಿಲ್ಲಮ್ಮ” ಅಂದರು. ನೀನು ನನ್ನ ಮುಖ ನೋಡಿದೆ. ನಾನು ಫೈಲು ನೋಡಿದೆ.

ಯಾಕೆ ಎಂದು ಕೇಳುವ ಹಕ್ಕು ನಿನಗಿದೆ. ಅದು ಪಾಸಾಗಿದ್ದರೆ ಹೊಸ ಚೀಸ್ ಘಟಕಕ್ಕೆ ನೀನೇ ಮುಖ್ಯಸ್ಥೆ. ಆ ಘಟಕ ಇದ್ದ ಊರು ಬಸ್ಸಿನಲ್ಲಿ ಏಳು ಗಂಟೆ ದೂರ. ರುಚಿ ಪರೀಕ್ಷೆಗೆ ಎರಡು ದಿನ ಮೊದಲು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಅಮ್ಮ ಇನ್ನು ಎದ್ದು ನಡೆಯುವುದು ಅನುಮಾನ ಎಂದಿದ್ದರು. ಹೊತ್ತುಗೊತ್ತಿಲ್ಲದೆ ಅಮ್ಮನನ್ನು ಎತ್ತಬೇಕು. ಇಬ್ಬರಿದ್ದರೆ ಒಬ್ಬರು ಕಾಲು, ಒಬ್ಬರು ತೋಳು. ನಾನೊಬ್ಬಳೇ ಎಂದು ಯೋಚಿಸಿ ನೋಡಿದೆ. ಹೆದರಿದೆ. ಡಾಕ್ಟರು ಹೇಳಿದ್ದನ್ನು ನಿನಗೆ ಹೇಳಿದ್ದು ಫಲಿತಾಂಶ ಬಂದ ಮೇಲೆ.

ಮೂರು ವಾರಕ್ಕೆ ನೀನು ಕೆಲಸ ಬಿಟ್ಟೆ. “ಹೆಂಗೂ ಅಮ್ಮನ ಹತ್ರ ಒಬ್ರು ಬೇಕಲ್ವಾ ಅಕ್ಕಾ, ನಿನ್ ಕೆಲ್ಸ ದೊಡ್ದು, ನೀನ್ ಹೋಗು” ಅಂದೆ. ನಾನು ಹೋದೆ. ನಾಲ್ಕು ವರ್ಷ, ದಿನವೂ ಬೆಳಿಗ್ಗೆ ಎಂಟಕ್ಕೆ, ಇಸ್ತ್ರಿ ಮಾಡಿದ ಬಟ್ಟೆಯಲ್ಲಿ.

ಮೊದಲು ಡೇರಿಯ ನೆಲಮಾಳಿಗೆಯಲ್ಲಿ ದಿನ ಬಿಟ್ಟು ದಿನ ಗಾಲಿಯಂಥ ಚೀಸಿನ ಗಟ್ಟಿಗಳನ್ನು ಉಪ್ಪುನೀರಿನಲ್ಲಿ ಒರೆಸಿ ಮಗುಚುತ್ತಿದ್ದ ನೀನು, ಬೆನ್ನು ಹುಣ್ಣಾಗದಿರಲೆಂದು ಅಮ್ಮನನ್ನು ಎರಡು ಗಂಟೆಗೊಮ್ಮೆ ಒರೆಸಿ ಮಗ್ಗುಲು ಬದಲಿಸಿದೆ. ಅಮ್ಮ ಒಮ್ಮೆ ನಗುತ್ತಾ, “ನನ್ನನ್ನೂ ಚೀಸ್ ಮಾಡ್ಬಿಟ್ಯಲ್ಲೇ ಬೆಕ್ಕೇ” ಅಂದಳು. ನೀನೂ ನಕ್ಕೆ. ನಾನು ಬಾಗಿಲಲ್ಲಿ ಚಪ್ಪಲಿ ಬಿಚ್ಚುತ್ತಿದ್ದೆ. ಒಳಗೆ ಬರಲಾರದೆ, ಬಾರು ಸಿಕ್ಕಾಗಿದೆ ಎಂಬಂತೆ ಅದನ್ನೇ ಬಿಡಿಸುತ್ತಾ ಕೂತೆ.

ಅದೇ ಅಮ್ಮ, ಮೊದಲ ಸಲ ನೀನು ಆ ಚೀಸ್ ಮನೆಗೆ ತಂದಾಗ ಮಂಚದಿಂದಲೇ, “ಯಾರೇ ಬಂದಿರೋದು? ಕಾಲು ತೊಳ್ಕೊಂಡು ಬರೋಕೆ ಹೇಳು” ಎಂದಿದ್ದಳು. ಕೊನೆಯವರೆಗೂ ಅವಳಿಗೆ ಅದು ಸೇರಲಿಲ್ಲ. ಅಮ್ಮನ ಅಂಕ ಒಂದು ಎಂದು ಬರೆದುಕೋ. ಮುಚ್ಚಿಡುವ ಸ್ವಭಾವ ಅವಳಿಗಿರಲಿಲ್ಲ.

ಅಮ್ಮ ಹೋದ ಮೇಲೆ ನೀನು ಒಂದು ಬ್ಯಾಗು ಹಿಡಿದು ಹೊರಟೆ. ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸ ಎಂದು ನೀನು ಹೇಳಿದಾಗ, ನಾನು ನಿನಗೆ ಬದಲಾವಣೆ ಬೇಕಿದೆ ಎಂದು ಎಲ್ಲರಿಗೂ ಹೇಳಿದೆ. ನನಗೂ ಹೇಳಿಕೊಂಡೆ.

ನೆಲಮಾಳಿಗೆಯನ್ನು ಹಿಡಿ. ಇಪ್ಪತ್ತರವರೆಗೆ ಕಾಯಬೇಡ. ಎಲ್ಲರಿಗೂ ಹಿಡಿಸುವಂತೆ ಮಾಡಲು ಹೋಗಬೇಡ, ಉಪ್ಪು ಕಡಿಮೆ ಮಾಡಬೇಡ, ಸಿಪ್ಪೆ ಕೆತ್ತಿ ಮಾರಬೇಡ. ದರ್ಜಿಯಂಥವರು ಮೂಗು ಮುಚ್ಚಿಕೊಂಡು ಹೋಗುತ್ತಾರೆ, ಹೋಗಲಿ. ಅವನ ಹೆಂಡತಿಯಂಥವರು ಎರಡು ಬಸ್ಸು ಬದಲಿಸಿ ಬರುತ್ತಾರೆ. ನನ್ನ ಮಾತನ್ನು ನಂಬಬೇಕಾಗಿಲ್ಲ, ನಂಬುವುದಕ್ಕೆ ನಾನೇನೂ ಉಳಿಸಿಲ್ಲ. ಅದಕ್ಕೇ ಆ ದಿನದ ಹಾಳೆಗಳನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ಡೇರಿಯ ನಿಯಮದಂತೆ ಐದು ವರ್ಷ ಕಳೆದ ಮೇಲೆ ಅವನ್ನು ಸುಡಬೇಕಿತ್ತು. ನಾನು ಊಟದ ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದೆ. ಯಾಕೆ ತಂದೆನೆಂದು ಆಗ ನನಗೇ ಗೊತ್ತಿರಲಿಲ್ಲ.

ಕ್ಷಮಿಸು ಎಂದು ಬರೆದು ಹೊಡೆದುಹಾಕಿದ್ದು ಮೇಲೆ ಎರಡು ಕಡೆ ಕಾಣುತ್ತದೆ. ಕೇಳುವುದು ಸುಲಭ, ಕೊಡಬೇಕಾದವಳು ನೀನು. ಈ ಕಾಗದಕ್ಕೆ ಉತ್ತರ ಬರೆಯದಿದ್ದರೂ ಪರವಾಗಿಲ್ಲ. ಮಾಲೀಕನಿಗೆ ಮಾತ್ರ ಹೌದು ಎಂದು ಹೇಳು.

ನಿನ್ನ,
ಅಕ್ಕ

ಮರೆತ ಮಾತು: ಮರೆತದ್ದಲ್ಲ. ಕಾಗದ ಮಡಿಚಿ, ಲಕೋಟೆಗೆ ಹಾಕಿ, ಮತ್ತೆ ತೆಗೆದೆ. ನೀನು ಹಾಳೆಗಳನ್ನು ಎಣಿಸುತ್ತೀಯ. ದಾರ ಕಟ್ಟಿದ ಕಂತೆಯಲ್ಲಿ ಇರುವುದು ಹತ್ತೊಂಬತ್ತು. ಇಪ್ಪತ್ತನೆಯದನ್ನು ಬೇರೆ ಮಡಿಚಿ ಇಟ್ಟಿದ್ದೇನೆ. ಸ್ಟೋರ್ ಗುಮಾಸ್ತರ ಜಾಗದಲ್ಲಿ ಕೂತವಳು ನಾನು. ಅದರ ಮೇಲೆ ಒಂದು ಎಂದಿದೆ. ದೀಪಕ್ಕೆ ಹಿಡಿದು ನೋಡು, ರಬ್ಬರಿನಿಂದ ಉಜ್ಜಿದ ಗುರುತಿನ ಕೆಳಗೆ ನಾನು ಮೊದಲು ಬರೆದದ್ದು ಕಾಣುತ್ತದೆ. ಅದನ್ನು ಉಳಿಸಿದ್ದರೆ ಸರಾಸರಿ ಐದು ಪಾಯಿಂಟ್ ಎರಡು. ನೀನು ಕಳಿಸಿದ್ದರಲ್ಲಿ ದರ್ಜಿಯ ಮನೆಗೆ ಹೋದದ್ದು ಬಿಟ್ಟು ಮಿಕ್ಕಿದ್ದನ್ನೆಲ್ಲ ನಾನೇ ತಿಂದೆ, ಸಿಪ್ಪೆ ಸಮೇತ. ನನ್ನ ಅಂಕ ಒಂಬತ್ತು. ಆಗಲೂ ಅಷ್ಟೇ ಇತ್ತು.